ಬದುವಿನ ಮೇಲೆ ಕಟ್ಟದ ಸೀರೆ ತುಂಡು

ತೋಳ ಸತ್ತ ಮೇಲೆ ಇಷ್ಟು ಸಣ್ಣದಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬದುಕಿದ್ದಾಗ ಅದನ್ನು ನಾಲ್ಕೈದು ಸಲ ನೋಡಿದ್ದೇನೆ. ಯಾವಾಗಲೂ ದೂರದಿಂದ, ಅದು ನಮ್ಮನ್ನು ಮೊದಲೇ ನೋಡಿ ಹೊರಟುಹೋಗುವಾಗ. ಆಗೆಲ್ಲ ಕರುವಿನಷ್ಟು ಎತ್ತರ ಕಂಡಿತ್ತು. ಆ ದಿನ ಬೆಳಿಗ್ಗೆ ಗುಡ್ಡದ ಬುಡದ ಹೊಂಡದ ಪಕ್ಕ ಬಿದ್ದಿದ್ದದ್ದು ನಮ್ಮೂರ ಓಣಿ ನಾಯಿಗಿಂತ ತುಸು ದೊಡ್ಡದು, ಅಷ್ಟೆ. ಕಾಲು ಮಾತ್ರ ಉದ್ದ. ಬಾಯಿಯ ಸುತ್ತ ನೊರೆ ಒಣಗಿ ಅಂಟಿತ್ತು. ಮುಂಗಾಲೆರಡೂ ನೀರಿನಲ್ಲಿದ್ದವು. ಹೊಟ್ಟೆಯ ಕೆಳಗೆ ಮೊಲೆಗಳು ಹಾಲು ತುಂಬಿ ಬಿಗಿದುಕೊಂಡಿದ್ದವು. ಅದನ್ನು ಕಂಡು ನಾನು ಬೇರೆ ಕಡೆ ಮುಖ ತಿರುಗಿಸಿದೆ. ಆ ಕಡೆ ಅಣ್ಣ ನಿಂತಿದ್ದ.

ಅಣ್ಣ ಈಗಿಲ್ಲ. ಹೋಗಿ ಎಂಟು ತಿಂಗಳಾಯಿತು. ನಾನು ಹತ್ತನೆಯವರೆಗೆ ಓದಿದವನು. ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ ಮಾಡುತ್ತೇನೆ. ದಿನಾ ಬರೆಯುವುದೆಂದರೆ ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಬಿಟ್ಟೆ ಎಂಬುದೊಂದೇ. ಬಾಯಲ್ಲಿ ಹೇಳಬೇಕಾದ ಹೊತ್ತಿಗೆ ಹೇಳಲಿಲ್ಲ. ಅದಕ್ಕೇ ಈಗ ಬರೆಯಲು ಕುಳಿತಿದ್ದೇನೆ.

ನಮ್ಮೂರು ಗುಡೂರಿನಿಂದ ಬಾದಾಮಿಯ ಕಡೆ ಹೋಗುವಾಗ ಕೆಂಪು ಕಲ್ಲಿನ ಗುಡ್ಡಗಳು ಶುರುವಾಗುವಲ್ಲಿ ಇದೆ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಜಗಳವಿಲ್ಲದೆ ಬೇರೆಯಾದೆವು. ಅಣ್ಣ ಕುರಿ ತೆಗೆದುಕೊಂಡ, ನಾನು ಹೊಲ ತೆಗೆದುಕೊಂಡೆ. ಅವನ ಕುರಿದಡ್ಡಿ ನನ್ನ ಹೊಲದ ಈ ತುದಿಗೆ, ಗುಡ್ಡ ಆ ತುದಿಗೆ. ಹಾಗಾಗಿ ದಿನಾ ಬೆಳಿಗ್ಗೆ ಅವನ ಕುರಿಗಳು ನನ್ನ ಬದುವಿನ ಮೇಲೆ ಸಾಲಾಗಿ ಹೋಗುತ್ತಿದ್ದವು. ಸುತ್ತಿನ ದಾರಿಯೂ ಇತ್ತು, ಹಳ್ಳದ ಗುಂಟ. ಆದರೆ ಅದರಲ್ಲಿ ಮುಕ್ಕಾಲು ತಾಸು ಹೆಚ್ಚು ನಡೆಯಬೇಕು.

ನಾನು ಹೊಲಕ್ಕೆ ಎಣ್ಣೆ ಹೊಡೆದ ದಿನ ಕುರಿಗಳು ಬದುವಿಗೆ ಬರಬಾರದು. (ಬೆಳೆಗೆ ಹೊಡೆಯುವ ಕೀಟದ ಔಷಧಿಗೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ.) ಅದಕ್ಕೆ ಅಣ್ಣನೇ ಒಂದು ಗುರುತು ಮಾಡಿದ್ದ. ಅವ್ವನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು ಹರಿದು ಒಂದು ತುಂಡು ನನಗೆ ಕೊಟ್ಟಿದ್ದ. ಎಣ್ಣೆ ಹೊಡೆದ ಸಂಜೆ ಅದನ್ನು ಒಂದು ಕೋಲಿಗೆ ಕಟ್ಟಿ ಬದುವಿನ ಬಾಯಿಗೆ ನೆಡಬೇಕು. ಕೆಂಪು ಕಂಡರೆ ಅವನು ಹಳ್ಳದ ದಾರಿ ಹಿಡಿಯುತ್ತಿದ್ದ.

"ಫೋನ್ ಮಾಡಿದ್ರ ಆಗೂದಿಲ್ಲೇನಣ್ಣಾ?" ಎಂದು ನಾನು ಕೇಳಿದ್ದೆ.

"ನಿನ್ನ ಫೋನು ನೀರಿನ ಮಂದಿ ಬೈಗಳಾ ಕೇಳಾಕ ಸಾಕಾಗೂದಿಲ್ಲ. ಅವ್ವನ ಸೀರಿ ಎಂಗೇಜ್ ಬರೂದಿಲ್ಲ, ಇದನ್ನ ಕಟ್ಟು" ಎಂದಿದ್ದ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಅದು ಅಪ್ಪನ ಕಾಲದ್ದು. ಗುಡ್ಡದ ಬುಡದಲ್ಲಿ ಚಪ್ಪಟೆಯಾದ ಒಂದು ದೊಡ್ಡ ಬಂಡೆಯಿದೆ. ರೋಗವಿಲ್ಲದೆ ಸತ್ತ ಕುರಿಯನ್ನು, ಹುಟ್ಟುವಾಗಲೇ ಸತ್ತ ಮರಿಯನ್ನು ನಾವು ಹೂಳುತ್ತಿರಲಿಲ್ಲ. ಆ ಬಂಡೆಯ ಮೇಲಿಟ್ಟು ನಮ್ಮ ದೇವರು ಬೀರಪ್ಪನ ಭಂಡಾರದ ಅರಿಸಿನ ಪುಡಿಯನ್ನು ಒಂದು ಚಿಟಿಕೆ ಉದುರಿಸಿ ಬರುತ್ತಿದ್ದೆವು. ಅದು ತೋಳದ ಪಾಲು. ಅದರ ಪಾಲು ಅದಕ್ಕೆ ಸಿಕ್ಕರೆ ದಡ್ಡಿಯ ಕಡೆ ಬರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಖರೆಯೋ ಸುಳ್ಳೋ ಗೊತ್ತಿಲ್ಲ. ನಮ್ಮ ದಡ್ಡಿಗೆ ತೋಳ ಬಿದ್ದದ್ದು ನನ್ನ ನೆನಪಿನಲ್ಲಿ ಎರಡೇ ಸಲ.

ತೋಳದ ಗವಿ ಎಲ್ಲಿದೆ ಎಂದು ಅಣ್ಣನಿಗೆ ಗೊತ್ತಿತ್ತು. ಆದರೆ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಯಾರೋ ಹೋಗಿ ಗವಿಯ ಬಾಯಿಗೆ ಬೆಂಕಿ ಹಾಕಿ ಹೊಗೆಯಲ್ಲಿ ಮರಿಗಳನ್ನು ಕೊಲ್ಲುತ್ತಾರೆ. ಹಿಂದೆ ಹಾಗೆ ಆಗಿತ್ತು. ಅರಣ್ಯ ಇಲಾಖೆಯ ಗಾರ್ಡ್ ಬಂದು ಕೇಳಿದಾಗಲೂ ಅವನು ಮೊದಲು ಬಾಯಿ ಬಿಡಲಿಲ್ಲ. ಗಾರ್ಡ್ ಸಣ್ಣ ವಯಸ್ಸಿನವರು, ಬಾದಾಮಿ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದರು. ತೋಳಗಳು ಎಷ್ಟು ಕಡಿಮೆಯಾಗಿವೆ, ಅವನ್ನು ಯಾಕೆ ಉಳಿಸಬೇಕು ಎಂದು ಹೇಳಲು ಬಣ್ಣದ ಚಿತ್ರದ ಹಾಳೆ ತಂದಿದ್ದರು. ಅಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದು ನಮ್ಮ ಕಡಿದಲ್ಲ ಬಿಡ್ರಿ ಸಾಹೇಬ್ರ. ಮೈ ನೋಡ್ರಿ, ಎಷ್ಟು ತುಂಬೇತಿ. ಯಾವುದೋ ಪ್ಯಾಟಿ ತೋಳ ಇದು. ನಮ್ಮದು ನನ್ನಂಗ ಇರತೈತಿ, ಎಲುಬು ಎಣಸಬಹುದು."

ಗಾರ್ಡ್ ನಕ್ಕುಬಿಟ್ಟರು. ಆಮೇಲೆ ಅವರು ಹಾಳೆ ತರಲಿಲ್ಲ, ಬರಿಗೈಯಲ್ಲಿ ಬಂದು ಅಣ್ಣನ ಜೊತೆ ಕುರಿ ಹಿಂದೆ ನಡೆಯುತ್ತಿದ್ದರು. ಒಂದು ವರ್ಷ ಹಾಗೆ ನಡೆದ ಮೇಲೆ ಅಣ್ಣ ಅವರಿಗೆ ಗವಿ ತೋರಿಸಿದ. ಅವರು ಹೊಂಡದ ಹತ್ತಿರದ ಮರಕ್ಕೆ ಒಂದು ಕ್ಯಾಮೆರಾ ಕಟ್ಟಿದರು. ಅದರಲ್ಲಿ ಬಿದ್ದ ಚಿತ್ರಗಳನ್ನು ಮೊಬೈಲಿನಲ್ಲಿ ತಂದು ತೋರಿಸಿದಾಗ ಅಣ್ಣ ತನ್ನ ಹೆಂಡತಿಯನ್ನು, ನಮ್ಮ ವೈನಿಯನ್ನು, ಕೂಗಿ ಕರೆದಿದ್ದ. "ಬಾ ಇಲ್ಲಿ, ನಮ್ಮ ಬೀಗರ ಮಂದಿ ಫೋಟೋ ಬಂದೈತಿ!"

"ನಿಮ್ಮ ಬೀಗ್ರು ನೀವs ನೋಡ್ಕೋರಿ. ನನ್ನ ರೊಟ್ಟಿ ಹೊತ್ತಾಕತ್ಯಾವು" ಎಂದಿದ್ದಳು ವೈನಿ ಒಳಗಿನಿಂದ. ಆದರೂ ಹಿಟ್ಟಿನ ಕೈಯಲ್ಲೇ ಬಂದು ನೋಡಿದ್ದಳು.

ಇದೆಲ್ಲ ಆದ ಮೇಲೆ, ಎರಡು ವರ್ಷದ ಹಿಂದೆ, ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಬೋರಿನ ನೀರಿಗೆ ನಾನು ಗೋವಿನಜೋಳ ಹಾಕಿದ್ದೆ. ಮೊಣಕಾಲೆತ್ತರ ಬರುವಷ್ಟರಲ್ಲಿ ಸುಳಿಯೊಳಗೆ ಹುಳು ಬಿತ್ತು. ಅದಕ್ಕೆ ಬರೀ ಎಣ್ಣೆ ಹೊಡೆದರೆ ಸಾಲದು. ಅಕ್ಕಿ ತೌಡಿಗೆ ಬೆಲ್ಲದ ನೀರು, ಎಣ್ಣೆ ಕಲಸಿ, ಒಂದು ದಿನ ಇಟ್ಟು ಸಂಜೆ ಹೊತ್ತಿಗೆ ಸುಳಿಗೆ ಚಿಟಿಕೆ ಚಿಟಿಕೆ ಹಾಕಬೇಕು. ವಿಷಪಾಷಾಣ ಎನ್ನುತ್ತಾರೆ. ಬೆಲ್ಲದ ವಾಸನೆಗೆ ಹುಳು ಬಂದು ತಿಂದು ಸಾಯುತ್ತದೆ. ಗುಡೂರಿನ ಅಂಗಡಿಯಿಂದ ಎಣ್ಣೆ ತಂದು ಕಲಸಿ, ಆ ಸಂಜೆ ಮುಕ್ಕಾಲು ಹೊಲಕ್ಕೆ ಹಾಕಿದ್ದೆ. ಅಷ್ಟರಲ್ಲಿ ಫೋನ್ ಬಂತು. ಶಾಲೆಯ ಹತ್ತಿರ ಪೈಪು ಒಡೆದು ನೀರು ರಸ್ತೆಗೆ ಹರಿಯುತ್ತಿದೆ, ಬೇಗ ಬಾ ಎಂದು. ಉಳಿದದ್ದನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲೇ ಬಿಟ್ಟು, ಮೇಲೆ ಒಂದು ಗೋಣಿಚೀಲ ಎಳೆದು, ಬದುವಿನ ಮೇಲಿಟ್ಟು ಸೈಕಲ್ ಹತ್ತಿದೆ.

ಸೀರೆ ತುಂಡು ಸೈಕಲ್ಲಿನ ಹ್ಯಾಂಡಲ್ಲಿಗೆ ಸುತ್ತಿಕೊಂಡೇ ಇತ್ತು. ಪೈಪು ರಿಪೇರಿ ಮಾಡುವಾಗ ಕೈ ಒರೆಸಿಕೊಂಡದ್ದು ಅದರಲ್ಲೇ.

ಮರುದಿನ ಬೆಳಿಗ್ಗೆ ಟ್ಯಾಂಕಿನ ಬಳಿ ಇದ್ದೆ. ಅಣ್ಣನ ಫೋನು. "ಒಂದು ಕುರಿ ಹೋತು ತಮ್ಮಾ. ನಿಮ್ಮ ವೈನಿ ಸಾಕಿದ್ದಲ್ಲ, ಅದು. ದಾರ್‍ಯಾಗ ಕಡ್ಲಿ ಹೊಲಕ್ಕ ನುಗ್ಗಿತ್ತು, ಹೊಟ್ಟಿ ಉಬ್ಬಿ ಬಿತ್ತು ನೋಡು."

ಅದು ತಾಯಿ ಸತ್ತ ಮರಿಯಾಗಿದ್ದಾಗ ವೈನಿ ಬಾಟಲಿ ಹಾಲು ಕುಡಿಸಿ ಬೆಳೆಸಿದ ಕುರಿ. ದೊಡ್ಡದಾದ ಮೇಲೂ ಅದಕ್ಕೆ ಅಂಗೈಯಲ್ಲಿ ತೌಡು, ಬೆಲ್ಲ ತಿನ್ನಿಸುತ್ತಿದ್ದಳು. ಫೋನ್ ಇಟ್ಟ ಕ್ಷಣ ನನಗೆ ಕಂಡದ್ದು ಆ ಅಂಗೈ. ಸೈಕಲ್ ಹತ್ತಿ ಹೊಲಕ್ಕೆ ಓಡಿದೆ. ಗೋಣಿಚೀಲ ಪಕ್ಕಕ್ಕೆ ಬಿದ್ದಿತ್ತು. ಬುಟ್ಟಿಯ ತಳ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಬೇರೆ ಕುರಿಗಳು ಮುಂದೆ ಹೋಗಿವೆ, ಅದೊಂದೇ ಹಿಂದೆ ಉಳಿದು ನೆಕ್ಕಿದೆ.

ಬುಟ್ಟಿಯನ್ನು ಅಲ್ಲೇ ಗುಂಡಿ ತೋಡಿ ಮುಚ್ಚಿದೆ. ಯಾಕೆ ಮುಚ್ಚಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಯಾರೂ ನೋಡುತ್ತಿರಲಿಲ್ಲ. ಕೈ ತಾನೇ ಮಾಡಿತು.

ಆದರೂ ಹೇಳಿಬಿಡಬೇಕೆಂದೇ ಮಧ್ಯಾಹ್ನ ಗುಡ್ಡದ ಕಡೆ ಹೋದೆ. ಅಣ್ಣ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಊಟಕ್ಕೆ ಕೂತಿದ್ದ. ಕುರಿಯನ್ನು ಆಗಲೇ ಹೊತ್ತುಕೊಂಡು ಹೋಗಿ ಬಂಡೆಯ ಮೇಲಿಟ್ಟು ಬಂದಿದ್ದ. ಅವನ ಹೆಗಲ ಮೇಲೆ ಭಂಡಾರದ ಹಳದಿ ಇತ್ತು.

"ನಿಮ್ಮ ವೈನಿಗೆ ಹೆಂಗ ಹೇಳ್ಲೆಪಾ ಅಂತ ಕುಂತೇನಿ" ಎಂದ. ಆಮೇಲೆ ತಾನೇ ಸಮಾಧಾನ ಮಾಡಿಕೊಳ್ಳುವವನಂತೆ, "ಹೋಗ್ಲಿ. ಆ ತೋಳಕ್ಕೂ ಮರಿ ಆಗ್ಯಾವಂತ, ಗಾರ್ಡ್ ಸಾಹೇಬ್ರು ಹೇಳಿದ್ರು. ಹಸದಿರತೈತಿ. ತಾಯಿಗೆ ಹಾಲರ ಬರ್ಲಿ" ಎಂದ.

ಆಗ ಹೊತ್ತು ನೆತ್ತಿಯಿಂದ ಇಳಿದಿತ್ತಷ್ಟೆ. ತೋಳ ಬಂಡೆಗೆ ಬರುವುದು ಹೊತ್ತು ಮುಳುಗುವಾಗ. ಬಂಡೆ ಅಲ್ಲಿಂದ ಎರಡು ಹೊಲದಷ್ಟು ದೂರ. ನಾನು ಬಾಯಿ ತೆರೆದೆ.

"ರೊಟ್ಟಿ ಅದಾವೇನಣ್ಣಾ?" ಎಂದೆ.

ಅವನು ಬುತ್ತಿ ನನ್ನ ಕಡೆ ಸರಿಸಿದ. ಎರಡು ರೊಟ್ಟಿ ಶೇಂಗಾ ಚಟ್ನಿಯ ಜೊತೆ ತಿಂದೆ. ನೀರು ಕುಡಿದೆ. ನಾಲ್ಕು ಗಂಟೆಗೆ ನೀರು ಬಿಡಬೇಕು ಎಂದು ಹೇಳಿ ಎದ್ದು ಬಂದೆ. ನಡೆದದ್ದು ಇಷ್ಟೇ. ಬಂಡೆ ನೆನಪಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ನೆನಪಾಗಿತ್ತು. ಒಂದು ಬಟ್ಟೆ ತುಂಡು ಕಟ್ಟಲಾರದವನು ಎಂದು ಅಣ್ಣ ನನ್ನನ್ನು ನೋಡುವ ಆ ಒಂದು ನೋಟ ಅದಕ್ಕಿಂತ ದೊಡ್ಡದಾಗಿ ಕಂಡಿತು. ಬಹುಶಃ ಏನೂ ಆಗಲಿಕ್ಕಿಲ್ಲ, ತೋಳ ಬರಲಿಕ್ಕಿಲ್ಲ ಎಂದುಕೊಂಡೆ.

ಮರುದಿನ ಹೊಂಡದ ಪಕ್ಕ ಒಂದು. ಬಂಡೆಯಿಂದ ಸ್ವಲ್ಪ ಕೆಳಗೆ, ಕುರುಚಲು ಗಿಡದಲ್ಲಿ ಇನ್ನೊಂದು, ಗಂಡು. ಗವಿಯೊಳಗೆ ಬ್ಯಾಟರಿ ಬಿಟ್ಟು ನೋಡಿ ಹೊರಬಂದ ಗಾರ್ಡ್ ಕೈಯಲ್ಲಿ ಮೂರು ಬೆರಳು ತೋರಿಸಿದರು. ಸತ್ತ ಮರಿಗಳು ಮೂರು. ನನಗೆ ಅರ್ಥವಾಗಲಿಲ್ಲ. ಮರಿಗಳು ಗವಿ ಬಿಟ್ಟು ಬಂದಿಲ್ಲ, ಬಂಡೆಯ ಹತ್ತಿರ ಸುಳಿದಿಲ್ಲ, ಅವು ಹೇಗೆ ಸತ್ತವು?

"ದೊಡ್ಡವು ತಿಂದು ಹೋಗಿ ಮರಿ ಮುಂದ ವಾಂತಿ ಮಾಡ್ತಾವ್ರಿ. ಮರಿಗೆ ಅದs ಊಟ" ಎಂದರು ಗಾರ್ಡ್. ಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿ, ತನಗೆ ಸಂಕಟವಾಗುತ್ತಿದ್ದಾಗಲೂ ಅದು ಗವಿಯವರೆಗೆ ನಡೆದಿದೆ, ಮರಿಗಳಿಗೆ ಕೊಟ್ಟಿದೆ, ಆಮೇಲೆ ನೀರಿಗೆ ಬಂದಿದೆ. ಇದು ಗೊತ್ತಿಲ್ಲದೆ ನಾನು ನಲವತ್ತು ವರ್ಷ ಆ ಗುಡ್ಡದ ಬುಡದಲ್ಲಿ ಬದುಕಿದ್ದೆ.

ಪಶುವೈದ್ಯರು ಬಂದರು. ವಿಷ ಎಂದು ನೊರೆ ನೋಡಿಯೇ ಹೇಳಿದರು. ಬಂಡೆಯ ಮೇಲೆ ಕುರಿಯ ಅರ್ಧ ಭಾಗ ಉಳಿದಿತ್ತು. ಅದನ್ನೂ ಚೀಲಕ್ಕೆ ತುಂಬಿದರು.

"ಕುರಿ ಇಟ್ಟಾಂವ ನಾನs" ಎಂದ ಅಣ್ಣ. "ಆದರ ಅದರಾಗ ವಿಷ ಇದ್ದಿಲ್ಲ. ಹೊಟ್ಟಿ ಉಬ್ಬಿ ಸತ್ತಿತ್ತು. ಆಮ್ಯಾಲೆ ಯಾರೋ ಬಂದು ಹಾಕ್ಯಾರ."

"ಯಾರ ಮ್ಯಾಲರ ಸಂಶೆ ಐತೇನ್ರಿ?" ಎಂದು ಪಶುವೈದ್ಯರು ಕೇಳಿದರು.

"ನಮ್ಮ ಮಂದಿ ಅಲ್ಲ. ಕುರಿ ಕಾಯಾಂವ ತೋಳಕ್ಕ ಕಲ್ಲು ಒಗೀತಾನ, ವಿಷ ಹಾಕೂದಿಲ್ಲ."

ಗಾರ್ಡ್ ಸುಮ್ಮನೆ ನಿಂತಿದ್ದರು. ಅವರು ಅನುಮಾನ ಪಡಲಿಲ್ಲ, ಬರೀ ದುಃಖದಲ್ಲಿದ್ದರು ಎಂದು ಈಗ ಅನ್ನಿಸುತ್ತದೆ. ಆದರೆ ಅಣ್ಣ ಅವರ ಸುಮ್ಮನಿರುವಿಕೆಯನ್ನು ತಪ್ಪು ತಿಳಿದ. ಸೊಂಟದ ಚೀಲದಿಂದ ಭಂಡಾರ ತೆಗೆದು ಅಂಗೈಯಲ್ಲಿ ಹಿಡಿದ.

"ಬ್ಯಾಡ್ರಿ, ಆಣಿ ಯಾಕ? ನಾ ನಿಮ್ಮನ್ನ ನಂಬತೇನಿ" ಎಂದರು ಗಾರ್ಡ್.

"ನೀವು ನಂಬತೀರಿ. ನಿಮ್ಮ ಮ್ಯಾಲಿನವರು ನಂಬಬೇಕಲ್ಲ. ಬೀರಪ್ಪನ ಆಣಿ. ನಾ ಇಟ್ಟ ಕುರಿಯಾಗ ವಿಷ ಇದ್ದಿದ್ರ ನನ್ನ ದಡ್ಡಿ ಹಾಳ ಬೀಳ್ಲಿ."

ನಾನು ಅವನಿಂದ ಎರಡು ಮಾರು ದೂರದಲ್ಲಿದ್ದೆ. ಎರಡು ಹೆಜ್ಜೆ ಇಟ್ಟು ಅವನ ಮಣಿಕಟ್ಟು ಹಿಡಿದಿದ್ದರೆ ಆಗುತ್ತಿತ್ತು. ಹಳದಿ ಪುಡಿ ಗಾಳಿಗೆ ಹಾರಿ ನನ್ನ ಅಂಗಿಯ ಮೇಲೂ ಬಿತ್ತು. ನಮ್ಮಲ್ಲಿ ಭಂಡಾರ ಹಿಡಿದು ಸುಳ್ಳು ಹೇಳಿದವರಿಲ್ಲ. ಅಣ್ಣ ಹೇಳಿದ್ದೂ ಸುಳ್ಳಲ್ಲ. ಅದನ್ನು ಸುಳ್ಳು ಮಾಡಿದವನು ನಾನು.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಮಧ್ಯಾಹ್ನ ದಡ್ಡಿಗೆ ಹೋದೆ. ಅಣ್ಣ ಒಂದು ಕುರಿಯನ್ನು ಕೆಡವಿ ಅದರ ಗೊರಸು ಕತ್ತರಿಸುತ್ತಿದ್ದ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಪೈಪು ಒಡೆದದ್ದು, ಬುಟ್ಟಿ, ಸೈಕಲ್ಲಿಗೆ ಸುತ್ತಿದ್ದ ಸೀರೆ ತುಂಡು, ಗುಂಡಿ. ಅವನು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ನಾಲ್ಕೂ ಗೊರಸು ಮುಗಿಸಿ, ಕುರಿಯನ್ನು ಎಬ್ಬಿಸಿ ಬಿಟ್ಟು, ಆಮೇಲೆ ಕೇಳಿದ.

"ಅವತ್ತ ಬಂದು ರೊಟ್ಟಿ ಕೇಳಿದೆಲ್ಲ. ಆಗ ಗೊತ್ತಿತ್ತಾ ನಿನಗ?"

"ಗೊತ್ತಿತ್ತು."

ಅವನು ಗುಡ್ಡದ ಕಡೆ ನೋಡಿದ. "ಇನ್ನ ಹೊತ್ತು ಮುಳುಗಿದ್ದಿಲ್ಲ" ಎಂದ.

ಬೈಯಲಿಲ್ಲ. ಬೈದಿದ್ದರೆ ನಾನು ಅಳುತ್ತಿದ್ದೆ, ಅಲ್ಲಿಗೆ ಒಂದು ಹಂತ ಮುಗಿಯುತ್ತಿತ್ತು. ಅವನು ಕೈ ತೊಳೆದು, ಅಂಗಿ ಹಾಕಿಕೊಂಡು, ಗಾರ್ಡ್ ಇರುವಲ್ಲಿಗೆ ಹೊರಟ. ನಾನೂ ಬರುತ್ತೇನೆ ಎಂದೆ. "ಆಣಿ ಮಾಡಿದಾಂವ ನಾನು. ನಾನs ತಿರುಗಿ ತಗೋಬೇಕು. ನೀ ಬರಬ್ಯಾಡ" ಎಂದ. ನಾನು ಹೋಗಲಿಲ್ಲ. ಬರಬೇಡ ಎಂದದ್ದು ನನಗೆ ಅನುಕೂಲವೇ ಆಯಿತು. ಮನೆಯ ಹೊಲದ ವಿಷವೇ, ಗೊತ್ತಾಗದೆ ಆದದ್ದು ಎಂದು ಅವನು ಬರೆಸಿ ಬಂದ. ಯಾರ ಕೈಯಿಂದ ಎಂದು ಹೇಳಲಿಲ್ಲವಂತೆ. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವನು ಅವನೇ, ಹೆಬ್ಬೆಟ್ಟು ಒತ್ತಿದವನೂ ಅವನೇ.

ಆಮೇಲೆ ಅವನ ಕುರಿಗಳು ನನ್ನ ಬದುವಿನ ಮೇಲೆ ಬರಲಿಲ್ಲ. ವಿಷವಿರಲಿ, ಇರದಿರಲಿ, ದಿನಾ ಹಳ್ಳದ ದಾರಿ. ನನ್ನ ಜೊತೆ ಬೇಕಾದಷ್ಟು ಮಾತಾಡುತ್ತಿದ್ದ: ಮೋಟರು ಸುಟ್ಟಿದೆಯಾ, ಮಗಳಿಗೆ ಜ್ವರ ಬಿಟ್ಟಿತಾ. ನಗಿಸುವ ಮಾತು ನಿಂತಿತ್ತು. ಬಂಡೆಯ ಮೇಲೆ ಕುರಿ ಇಡುವುದನ್ನೂ ಬಿಟ್ಟ. ಸತ್ತದ್ದನ್ನು ಆಳವಾಗಿ ಹೂಳುತ್ತಿದ್ದ.

ಅವನು ಆ ಮೇಲೆ ಮಾಡಿದ್ದು ಒಂದೇ ಕೆಲಸ. ಅವ್ವನ ಆ ಕೆಂಪು ಸೆರಗಿನ ಸೀರೆಯಲ್ಲಿ ಉಳಿದದ್ದನ್ನೆಲ್ಲ ಗೇಣಗಲದ ತುಂಡು ಮಾಡಿದ. ಗುಡ್ಡದ ಗುಂಟ ಹೊಲವಿದ್ದವರ ಮನೆಮನೆಗೆ ಹೋಗಿ ಒಂದೊಂದು ಕೊಟ್ಟ. ವಿಷಪಾಷಾಣ ಹಾಕಿದ ದಿನ ಇದನ್ನು ಕಟ್ಟಿ, ಉಳಿದದ್ದನ್ನು ಬದುವಿನ ಮೇಲೆ ಬಿಡಬೇಡಿ, ಕುರಿ ಸತ್ತರೆ ನನ್ನ ಕರೆಯಿರಿ, ನಾನು ಬಂದು ಹೂಳುತ್ತೇನೆ ಎಂದು. ಕಟ್ಟೆಯ ಮೇಲಿದ್ದವರು ಕಾಡುತ್ತಿದ್ದರು. "ಏನಲೇ, ಸೀರಿ ಹಂಚಾಕ ಹತ್ತೀದಿ, ಇಲೆಕ್ಷನ್ನಿಗೆ ನಿಂತೀಯೇನು? ಪೂರಾ ಸೀರಿ ಕೊಟ್ಟರ ಓಟ ಹಾಕತೇವು ನೋಡು!" ಅವನು ನಗುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ತುಂಡು ಕೈಗೆ ಕೊಟ್ಟೇ ಏಳುತ್ತಿದ್ದ. ಸೀರೆ ಮುಗಿದ ಮೇಲೆ ಕೆರೂರ ಸಂತೆಯಿಂದ ಕೆಂಪು ಬಟ್ಟೆ ತಂದ. ಶಿರೂರಿನಲ್ಲಿ ವೈನಿಯ ತವರಿನವರಿಗೂ ಕೊಟ್ಟು ಬಂದನಂತೆ, ಅಲ್ಲಿ ಗುಡ್ಡವಿದೆಯೋ ತೋಳವಿದೆಯೋ ನೋಡದೆ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವನ ಎಡಗೈ ಎತ್ತಲು ಬರಲಿಲ್ಲ. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆವು. ಎರಡನೆಯ ದಿನ ಸ್ವಲ್ಪ ಮಾತು ಬಂತು.

"ಕುರಿ ಯಾರು ಬಿಟ್ರು ಇವತ್ತ?"

"ನಾನು. ನಸಿಕಿನ್ಯಾಗ ಬಿಟ್ಟು, ಗುಡ್ಡಕ್ಕ ಹೊಡದು ಬಂದೆ."

"ಯಾವ ದಾರಿ?"

"ಹಳ್ಳದ ದಾರಿ."

"ಹೂಂ" ಎಂದ. ಅದೇ ಕೊನೆಯ ಮಾತು. ನಾಲ್ಕನೆಯ ದಿನ ಹೋದ.

ಆಣೆ, ಶಾಪ ಎಂಬುದನ್ನೆಲ್ಲ ನಾನು ಅಷ್ಟಾಗಿ ನಂಬುವವನಲ್ಲ. ದವಾಖಾನೆಯಲ್ಲಿ ಡಾಕ್ಟರು ರಕ್ತದೊತ್ತಡ ಎಂದರು, ಅದೇ ಖರೆ ಇರಬೇಕು. ಆದರೂ ಅವನ ಕುರಿಗಳಲ್ಲಿ ಅರ್ಧದಷ್ಟನ್ನು ಮಾರಿದ ದಿನ, ಅರ್ಧ ಖಾಲಿಯಾದ ದಡ್ಡಿಯ ಬೇಲಿ ಹಿಡಿದು ನಿಂತಾಗ, ಅಂಗಿಯ ಮೇಲೆ ಹಳದಿ ಇದೆಯೇನೋ ಎಂದು ನೋಡಿಕೊಂಡೆ.

ಉಳಿದ ಕುರಿಗಳನ್ನು ಈಗ ವೈನಿಯೇ ಕಾಯುತ್ತಾಳೆ. ಅಣ್ಣ ಹೋದ ಮರುವಾರ ನಾನು ಆ ಸೀರೆ ತುಂಡನ್ನು ಬದುವಿನ ಬಾಯಿಗೆ ನೆಟ್ಟೆ. ವಿಷ ಹಾಕಿರಲಿಲ್ಲ. ಮತ್ತೆ ಮರೆಯಬಾರದು ಎಂದು ನೆಟ್ಟೆ. ಹಗಲೂ ಇರುಳೂ ಅದು ಅಲ್ಲೇ ಇತ್ತು. ಮಳೆ ಬಂತು, ಬಣ್ಣ ಬಿಟ್ಟಿತು. ವೈನಿ ದಿನಾ ಹಳ್ಳದ ಗುಂಟ ಸುತ್ತು ಹಾಕಿ ಹೋಗುತ್ತಿದ್ದಳು, ಅವಳ ಮೊಣಕಾಲು ನೋವಿನಲ್ಲಿ.

ಹೋದ ವಾರ ಗಾರ್ಡ್ ಬಂದಿದ್ದರು. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಹೊಂಡದಲ್ಲಿ ನೀರು ಕುಡಿಯುತ್ತಿರುವ ಒಂದು ತೋಳ. ಒಂಟಿ. ಅವತ್ತು ಗವಿಯಲ್ಲಿ ಮೂರು ಸಿಕ್ಕಿದ್ದವು, ಹುಟ್ಟಿದ್ದು ಎಷ್ಟು ಎಂದು ಯಾರಿಗೂ ಗೊತ್ತಿಲ್ಲ. ಇದು ಆ ಗವಿಯದೋ, ಬೇರೆ ಕಡೆಯಿಂದ ಬಂದದ್ದೋ ಹೇಳಲಾಗದು ಎಂದರು. ವೈನಿ ಬಹಳ ಹೊತ್ತು ನೋಡಿದಳು. "ಎಲುಬು ಕಾಣಾಕತ್ತಾವು" ಎಂದಳು.

ಗಾರ್ಡ್ ಹೋದ ಮೇಲೆ ನಾನು ಅವಳಿಗೆ ಹೇಳಿದೆ. ಅವಳ ಕುರಿ ಹೊಟ್ಟೆ ಉಬ್ಬಿ ಸತ್ತದ್ದಲ್ಲ, ನನ್ನ ಬುಟ್ಟಿಯಿಂದ ಎಂದು. ರೊಟ್ಟಿಯ ಮಾತನ್ನೂ ಬಿಡಲಿಲ್ಲ. ಅಣ್ಣ ಅವಳಿಗೆ ಏನೂ ಹೇಳಿರಲಿಲ್ಲ. ಅವಳು ತನ್ನ ಅಂಗೈ ನೋಡಿಕೊಂಡಳು.

"ತೌಡು ಬೆಲ್ಲದ ರುಚಿ ಹಚ್ಚಿದಾಕಿ ನಾನs" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಆ ಬದುವಿನ್ಯಾಗ ಅರಿವಿ ಕಟ್ಟೀಯಲ್ಲ ತಮ್ಮಾ, ಇವತ್ತ ವಿಷ ಐತಾ?" ಎಂದು ಕೇಳಿದಳು.

"ಇಲ್ಲರಿ ವೈನಿ."

"ನಿನ್ನೆ?"

"ಇಲ್ಲರಿ."

"ಮತ್ತ? ದಿನಾ ಕಟ್ಟಿಟ್ಟರ, ಖರೇನ ವಿಷ ಹಾಕಿದ ದಿನ ನನಗ ಹೆಂಗ ತಿಳೀಬೇಕು? ಒಂದಿನ ಮೊಣಕಾಲು ನೂಯ್ತಾವಂತ ಅದರಾಗs ಹಾದು ಹೊಕ್ಕೇನಿ. ನಿನ್ನ ಸಮಾಧಾನಕ್ಕ ಕಟ್ಟೂದಲ್ಲ ಅದು. ತಗಿ."

ಮರುದಿನ ನಸುಕಿನಲ್ಲಿ ಹೋಗಿ ಕೋಲು ಕಿತ್ತೆ. ಸೀರೆ ತುಂಡಿನಲ್ಲಿ ಕೆಂಪು ಉಳಿದಿರಲಿಲ್ಲ, ಮಾಸಿದ ಇಟ್ಟಿಗೆಯ ಬಣ್ಣ. ಅದನ್ನು ತೊಳೆದು ಸೈಕಲ್ಲಿಗೆ ಸುತ್ತದೆ, ಎಣ್ಣೆಯ ಡಬ್ಬಿ ಇಡುವ ಪೆಟ್ಟಿಗೆಯಲ್ಲಿ ಡಬ್ಬಿಯ ಕುತ್ತಿಗೆಗೇ ಕಟ್ಟಿಟ್ಟೆ. ಡಬ್ಬಿ ಎತ್ತಿದರೆ ಅದೂ ಕೈಗೆ ಬರಬೇಕು.

ಹೊತ್ತು ಏರಿದ ಮೇಲೆ ವೈನಿ ದಡ್ಡಿಯ ಬಾಯಿ ತೆಗೆದಳು. ಮುಂದಿನ ಕುರಿ ರೂಢಿಯಂತೆ ಹಳ್ಳದ ಕಡೆ ತಿರುಗಿತು. ಅವಳು "ಹುರ್‍ರೋ" ಎಂದು ಅದನ್ನು ಈಚೆ ತಿರುಗಿಸಿದಳು. ಬದುವಿನ ಬಾಯಿಯಲ್ಲಿ ಅವು ನಿಂತವು. ನಾನು ಮುಂದೆ ನಡೆದೆ, ಬಗ್ಗಿ ಬದುವಿನ ಎರಡೂ ಬದಿ ನೋಡುತ್ತ, ಗುಡ್ಡದವರೆಗೂ. ಅವು ನನ್ನ ಹಿಂದೆ ಬಂದವು.